‘ವೆಸ್ಟ್‌ಫೇಲಿಯಾ ವಾಲ್ಟ್ಸ್’ ನಿಜಕ್ಕೂ ಯಾವ ಊರಿನದ್ದು?

ತಂತಿಮೀಟು

ಎಲ್ಲರಿಗೂ ನಮಸ್ಕಾರ. ನಾನು ಕಲಿತದ್ದು ಕರ್ನಾಟಕ ಸಂಗೀತದ ಪಿಟೀಲು. ಈಗ ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೇನೆ. ಇಲ್ಲಿ ಹಳೆ ಫಿಡಲ್ (ಪಿಟೀಲನ್ನೇ ಇಲ್ಲಿ ಹಾಗನ್ನುತ್ತಾರೆ) ಮಟ್ಟುಗಳನ್ನು ನುಡಿಸುವ ಒಂದು ಗುಂಪಿದೆ, ಅವರ ಜೊತೆ ಆಗಾಗ ಕೂರುತ್ತೇನೆ. ಅವರು ತಪ್ಪದೇ ನುಡಿಸುವ ಒಂದು ಮಟ್ಟು ‘ವೆಸ್ಟ್‌ಫೇಲಿಯಾ ವಾಲ್ಟ್ಸ್’. ವಾಲ್ಟ್ಸ್ ಅಂದರೆ ಜೋಡಿ ಕುಣಿತದ ಮಟ್ಟು. ಜಿ ಶ್ರುತಿ, ಎರಡು ಭಾಗ, ಮೂರು ಎಣಿಕೆಯ ನಡೆ. ನಮ್ಮ ಲೆಕ್ಕದಲ್ಲಿ ಶಂಕರಾಭರಣದ ಸ್ವರಗಳೇ.

ಮುಂದಿನ ಕಾರ್ಯಕ್ರಮಕ್ಕೆ ಒಂದು ಹಾಳೆ ಅಚ್ಚು ಹಾಕಿಸುತ್ತಿದ್ದೇವೆ. ಪ್ರತಿ ಮಟ್ಟಿನ ಪಕ್ಕದಲ್ಲಿ ಅದು ಯಾರದ್ದು ಅಂತ ಬರೆಯಬೇಕು. ಆ ಕೆಲಸ ನನ್ನ ತಲೆಗೆ ಬಿದ್ದಿದೆ. ಒಂದು ಪುಸ್ತಕದಲ್ಲಿ ‘ಸಾಂಪ್ರದಾಯಿಕ’ ಅಂತಿದೆ. ಇನ್ನೊಂದರಲ್ಲಿ ಕಾಟನ್ ಕಾಲಿನ್ಸ್ ಅಂತ ಒಬ್ಬರ ಹೆಸರಿದೆ. ಗುಂಪಿನ ಹಿರಿಯರೊಬ್ಬರು ‘ಅದು ಜರ್ಮನರದ್ದು, ಹೆಸರೇ ಹೇಳುತ್ತಲ್ಲ’ ಅಂತ ಮಾತು ಮುಗಿಸಿಬಿಟ್ಟರು. ಇಲ್ಲಿ ಗೊತ್ತಿರುವವರು ಯಾರಾದರೂ ಇದ್ದೀರಾ?

ಹಳೇಪ್ಲೇಟು

ಹೆಸರು ನೋಡಿ ಜರ್ಮನಿಗೆ ಹೋಗಬೇಡಿ. ನಿಮ್ಮ ರಾಜ್ಯದಲ್ಲೇ ವೆಸ್ಟ್‌ಫೇಲಿಯಾ ಅನ್ನೋ ಊರಿದೆ. ಫಾಲ್ಸ್ ಕೌಂಟಿಯಲ್ಲಿ, ವೇಕೋ ಪಟ್ಟಣದ ದಕ್ಷಿಣಕ್ಕೆ. ತೀರಾ ಚಿಕ್ಕ ಊರು. 19ನೇ ಶತಮಾನದ ಕೊನೆಯ ಭಾಗದಲ್ಲಿ ಜರ್ಮನ್ ಕ್ಯಾಥೊಲಿಕ್ ರೈತರು ಬಂದು ನೆಲೆಸಿದ ಜಾಗ. ತಮ್ಮ ಹಳೆ ಸೀಮೆಯ ಹೆಸರನ್ನೇ ಇಟ್ಟುಕೊಂಡರು. ಎರಡು ಗೋಪುರದ ಮರದ ಚರ್ಚು ಆ ಊರಿನ ಗುರುತಾಗಿತ್ತು. 2019ರ ಬೆಂಕಿಯಲ್ಲಿ ಅದು ಸುಟ್ಟುಹೋಯಿತು.

ಈಗ ಕಾಟನ್ ಕಾಲಿನ್ಸ್ ವಿಷಯ. ವೇಕೋದಲ್ಲಿ ‘ಲೋನ್ ಸ್ಟಾರ್ ಪ್ಲೇಬಾಯ್ಸ್’ ಅಂತ ಒಂದು ವಾದ್ಯಗೋಷ್ಠಿ ಇತ್ತು. ವೆಸ್ಟರ್ನ್ ಸ್ವಿಂಗ್ ನುಡಿಸುವವರು. ಅಂದರೆ ಹಳ್ಳಿಯ ಫಿಡಲಿಗೆ ಜಾಝ್‌ನ ಲಯ ಸೇರಿಸಿ, ಸಂತೆಗೋ ಡಾನ್ಸ್ ಹಾಲಿಗೋ ಬಂದವರನ್ನು ಕುಣಿಸುವ ಸಂಗೀತ. ಕಾಲಿನ್ಸ್ ಅಲ್ಲಿ ಫಿಡಲ್ ನುಡಿಸುತ್ತಿದ್ದರು. 1946ರ ಹೊತ್ತಿಗೆ ಈ ವಾಲ್ಟ್ಸ್ ಅವರ ಕೈಯಿಂದ ರೆಕಾರ್ಡ್ ಆಯಿತು. 1955ರಲ್ಲಿ ಗಾಯಕ ಹ್ಯಾಂಕ್ ಥಾಂಪ್ಸನ್ ತಮ್ಮ ‘ಬ್ರಾಜೋಸ್ ವ್ಯಾಲಿ ಬಾಯ್ಸ್’ ಗೋಷ್ಠಿಯ ಜೊತೆ ಅದನ್ನೇ ನುಡಿಸಿ ಊರೂರಿಗೆ ತಲುಪಿಸಿದರು. ಥಾಂಪ್ಸನ್ ಹುಟ್ಟಿದ್ದೂ ವೇಕೋದಲ್ಲೇ. ಹಾಗಾಗಿ ಅವರಿಗೆ ಇದು ಊರಿನ ಮಟ್ಟು.

ಆದರೆ ಕಾಲಿನ್ಸ್ ಇದನ್ನು ಕಟ್ಟಿದ್ದಲ್ಲ. ಇದರ ಮೂಲ ಪೋಲಿಷ್ ಜಾನಪದ ಹಾಡು. ‘ಪಿತಾವಾ ಶೆ ಪಾನಿ’ ಅಂತ ಅದರ ಹೆಸರು. ಅಮೆರಿಕಕ್ಕೆ ಬಂದ ಪೋಲಿಷರ ನಡುವೆ ‘ಫ್ಶಿಸ್ತ್‌ಕ್ಯೆ ರಿಪ್ಕಿ’, ಅಂದರೆ ‘ಎಲ್ಲಾ ಮೀನುಗಳು’ ಅನ್ನುವ ಹೆಸರಲ್ಲೂ ಓಡಾಡುತ್ತಿತ್ತು.

ಸುಮ್ನೆಓದುವವ

ಅಂದರೆ ಮಟ್ಟು ಪೋಲೆಂಡಿನದ್ದು, ಹೆಸರು ಜರ್ಮನಿಯದ್ದು, ನುಡಿಸಿದ್ದು ಟೆಕ್ಸಸ್‌ನವರು, ಪುಸ್ತಕದಲ್ಲಿ ‘ಅಮೆರಿಕದ ಸಾಂಪ್ರದಾಯಿಕ’. ಚೆನ್ನಾಗಿದೆ!

ಚಿಕಾಗೊಚಳಿ

ಮೀನಿನ ಹಾಡು ಅಂದ ಕೂಡಲೇ ನಗು ಬಂತು. ಚಿಕಾಗೊದಲ್ಲಿ ಪೋಲಿಷ್ ಜನ ಎಷ್ಟು ಜಾಸ್ತಿ ಅಂತ ಇಲ್ಲಿ ಬಂದವರಿಗೆ ಗೊತ್ತೇ ಇರುತ್ತದೆ. ನಮ್ಮ ಕೆಳಗಿನ ಮನೆಯಲ್ಲೂ ಒಬ್ಬ ಪೋಲಿಷ್ ಅಜ್ಜ ಇದ್ದಾರೆ. ಈ ಚರ್ಚೆ ಓದಿದ ಮೇಲೆ ಥಾಂಪ್ಸನ್ ರೆಕಾರ್ಡನ್ನು ಫೋನಿನಲ್ಲಿ ಹಾಕಿ, ಏನೂ ಹೇಳದೆ ಅವರ ಮುಂದೆ ಇಟ್ಟೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅಜ್ಜ ಪದ ಹೇಳಲು ಶುರು ಮಾಡಿದರು. ಕೆರೆಯಲ್ಲಿ ಮೀನುಗಳೆಲ್ಲ ಮಲಗಿವೆ ಅನ್ನೋ ಅರ್ಥವಂತೆ. ಇದು ಟೆಕ್ಸಸ್‌ನ ಕೌಬಾಯ್ ಟೋಪಿಯವರು ನುಡಿಸಿದ್ದು ಅಂದೆ. ನಂಬಲೇ ಇಲ್ಲ. ‘ಇದು ಮದುವೆ ಮನೆಯಲ್ಲಿ ಹಾಡೋದು’ ಅಂತ ನನ್ನನ್ನೇ ತಿದ್ದಿದರು.

ಬಿಲ್ಲುಗಾರ

ಅಜ್ಜನ ಮೇಲೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಇಷ್ಟು ಸುಲಭಕ್ಕೆ ಒಪ್ಪಬೇಕಾ? ಶಂಕರಾಭರಣದ ಏಳು ಸ್ವರ, ಮೂರು ಎಣಿಕೆ, ಎರಡು ಭಾಗ. ಈ ಚೌಕಟ್ಟಿನಲ್ಲಿ ಯುರೋಪಿನ ಅರ್ಧ ಮಟ್ಟುಗಳು ಒಂದನ್ನೊಂದು ಹೋಲುತ್ತವೆ. ಜರ್ಮನ್ ಮಾತಾಡುವ ಸೀಮೆಯಲ್ಲಿ ಲೆಂಡ್ಲರ್ ಅನ್ನೋ ಕುಣಿತ ಇದೆ. ಪೋಲೆಂಡಿನಲ್ಲಿ ಕುಯಾವ್ಯಾಕ್ ಇದೆ, ಮಜೂರ್ ಇದೆ. ಎಲ್ಲವೂ ಮೂರರ ಎಣಿಕೆಯೇ. ಅಲ್ಲದೆ ಮಜೂರಿನಲ್ಲಿ ಒತ್ತು ಎರಡನೇ ಅಥವಾ ಮೂರನೇ ಎಣಿಕೆಗೆ ಸರಿಯುತ್ತದೆ. ಟೆಕ್ಸಸ್ ವಾಲ್ಟ್ಸ್‌ನಲ್ಲಿ ಒತ್ತು ಯಾವಾಗಲೂ ಮೊದಲ ಎಣಿಕೆಗೆ. ಹಾಗಿದ್ದರೆ ಪೋಲಿಷ್ ಮೂಲ ಅನ್ನಲು ಆಧಾರ ಏನು?

ಹಳೇಪ್ಲೇಟು

ಬಿಲ್ಲುಗಾರರೇ, ಪ್ರಶ್ನೆ ಸರಿಯಾಗಿದೆ. ರಾಗ, ತಾಳ ಹೊಂದಿದ್ದು ಆಧಾರ ಅಲ್ಲವೇ ಅಲ್ಲ. ನೋಡಬೇಕಾದ್ದು ಬೇರೆ. ಸಾಲು ಎಲ್ಲಿ ಹತ್ತುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ಉಸಿರು ನಿಲ್ಲಿಸಿ ಮತ್ತೆ ಎತ್ತಿಕೊಳ್ಳುತ್ತದೆ ಅನ್ನೋದು. ಎರಡು ಮಟ್ಟಿನಲ್ಲಿ ಒಂದು ಸಾಲು ಹೊಂದಿದರೆ ಕಾಕತಾಳೀಯ ಅನ್ನಬಹುದು. ಹಾಡಿನ ಉದ್ದಕ್ಕೂ ಸಾಲಿಗೆ ಸಾಲು ಅದೇ ಜಾಡಿನಲ್ಲಿ ನಡೆದರೆ ಹಾಗನ್ನಲು ಬರುವುದಿಲ್ಲ. ಚಿಕಾಗೊದ ಅಜ್ಜ ಮಾಡಿದ್ದು ಅದನ್ನೇ ಅಲ್ವಾ? ಫಿಡಲಿನ ಮೇಲೆ ಪದ ಕೂರಿಸಿ ಹಾಡಿದರು. ಕೂರದಿದ್ದರೆ ಎರಡನೇ ಸಾಲಿಗೇ ಎಡವುತ್ತಿದ್ದರು.

ಒತ್ತಿನ ಮಾತು ನೀವು ಹೇಳಿದ್ದು ಮಜೂರಿಗೆ ಸರಿ. ಆದರೆ ಪೋಲೆಂಡಿನ ಮೂರೆಣಿಕೆಯ ಹಾಡೆಲ್ಲ ಮಜೂರ್ ಅಲ್ಲ. ವಾಲ್ಟ್ಸ್ ಅನ್ನೋದು ವಿಯೆನ್ನಾದಿಂದ ಹೊರಟು 19ನೇ ಶತಮಾನದಲ್ಲಿ ಇಡೀ ಯುರೋಪಿನ ಹಳ್ಳಿಗಳಿಗೆ ಹಬ್ಬಿತ್ತು. ಪೋಲೆಂಡ್ ಏನು ಹೊರತಲ್ಲ.

ಟೆಕ್ಸಸ್‌ಗೆ ಬಂದ ದಾರಿ ಮಾತ್ರ ಚರ್ಚೆಗೆ ಬಿಟ್ಟದ್ದು. ಎರಡು ಸಾಧ್ಯತೆ ಇದೆ. ಒಂದು, ನೆರೆಹೊರೆ. ಟೆಕ್ಸಸ್‌ನಲ್ಲಿ ಪೋಲಿಷರು ಹೊಸಬರಲ್ಲ. ಅಮೆರಿಕದ ಅತಿ ಹಳೆಯ ಪೋಲಿಷ್ ನೆಲೆ ಅನ್ನಿಸಿಕೊಂಡ ಪಾನಾ ಮರಿಯಾ ಇರುವುದು ಟೆಕ್ಸಸ್‌ನಲ್ಲೇ. 1854ರಲ್ಲಿ ಶುರುವಾದದ್ದು. ಅದು ದಕ್ಷಿಣಕ್ಕೆ ದೂರವಾಯಿತು. ಆದರೆ ಫಾಲ್ಸ್ ಕೌಂಟಿಗೆ ತಾಗಿದ ರಾಬರ್ಟ್‌ಸನ್ ಕೌಂಟಿಯಲ್ಲಿ ಬ್ರೆಮಂಡ್ ಇದೆ. ಅಲ್ಲೂ ದೊಡ್ಡ ಪೋಲಿಷ್ ಸಮುದಾಯ. ವೇಕೋ ಕಡೆಯ ವಾದ್ಯಗೋಷ್ಠಿಯವರಿಗೆ ಇದೆಲ್ಲ ಒಂದೇ ಸುತ್ತು. ಇಂದು ಜರ್ಮನರ ಹಾಲ್, ನಾಳೆ ಚೆಕ್ಕರ ಹಾಲ್, ನಾಡಿದ್ದು ಪೋಲಿಷರ ಮದುವೆ. ದುಡ್ಡು ಕೊಟ್ಟವರು ಕೇಳಿದ್ದನ್ನು ನುಡಿಸಲೇಬೇಕು.

ಇನ್ನೊಂದು ದಾರಿ ಗ್ರಾಮಫೋನ್ ಪ್ಲೇಟು. 1920ರ ದಶಕದಲ್ಲಿ ಕೊಲಂಬಿಯಾ, ವಿಕ್ಟರ್, ಓಕೇ ಕಂಪನಿಗಳು ವಲಸಿಗರಿಗೆ ಅಂತಲೇ ಅವರವರ ಭಾಷೆಯ ಪ್ಲೇಟುಗಳನ್ನು ತರುತ್ತಿದ್ದವು. ಪೋಲಿಷ್, ಯುಕ್ರೇನಿಯನ್, ಇಟಾಲಿಯನ್, ಗ್ರೀಕ್, ಎಲ್ಲವೂ. ಅಂಥ ಒಂದು ಪ್ಲೇಟು ಯಾರದೋ ಮನೆಯಲ್ಲಿ ತಿರುಗಿದರೆ ಸಾಕು. ಕಿವಿ ಚುರುಕಿರುವ ಫಿಡಲಿಗ ಎತ್ತಿಕೊಳ್ಳುತ್ತಾನೆ.

ನನ್ನ ಒಲವು ನೆರೆಹೊರೆಯ ಕಡೆಗೆ. ಯಾಕೆಂದರೆ ಹೆಸರು. ಪ್ಲೇಟಿನಿಂದ ಕಲಿತಿದ್ದರೆ ಲೇಬಲ್ ಮೇಲಿನ ಪೋಲಿಷ್ ಹೆಸರಿನ ತುಣುಕಾದರೂ ಅಂಟಿಕೊಂಡಿರುತ್ತಿತ್ತು. ಹೆಸರಿಲ್ಲದೆ ಕೈಗೆ ಬಂದ ಮಟ್ಟಿಗೆ ಹತ್ತಿರದ ಊರಿನ ಹೆಸರು ಇಟ್ಟಂತೆ ಕಾಣುತ್ತದೆ.

ಬಿಲ್ಲುಗಾರ

ಪದ ಕೂರಿಸಿದ್ದನ್ನು ಒಪ್ಪಿದೆ. ಹೆಸರಿನ ವಾದ ಒಪ್ಪುವುದಿಲ್ಲ. ಲೇಬಲ್ ಹರಿದಿರಬಹುದು. ಓದಲು ಬಾರದ ಭಾಷೆಯ ಹೆಸರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಶ್ರುತಿಪೆಟ್ಟಿಗೆ

ಮಕ್ಕಳೇ, ಮೈಸೂರಿನಿಂದ ಒಂದು ಮಾತು. ಈ ಕತೆ ನಮಗೇನು ಹೊಸದು? ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳನ್ನು ನೆನಪು ಮಾಡಿಕೊಳ್ಳಿ. ಮದರಾಸಿನಲ್ಲಿ ಕಂಪನಿ ಸರ್ಕಾರದ ಬ್ಯಾಂಡಿನವರು ನುಡಿಸುತ್ತಿದ್ದ ಮಟ್ಟುಗಳಿಗೆ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂರಿಸಿದರು. ನಲವತ್ತರ ಹತ್ತಿರ ಇವೆ. ಎಲ್ಲಾ ಶಂಕರಾಭರಣದಲ್ಲಿ. ‘ಸಂತತಂ ಪಾಹಿಮಾಂ’ ಅನ್ನುವುದು ಇಂಗ್ಲೆಂಡಿನ ರಾಷ್ಟ್ರಗೀತೆಯ ಮಟ್ಟು. ‘ವಂದೇ ಮೀನಾಕ್ಷಿ’ ಐರ್ಲೆಂಡಿನ ಕುಣಿತದ ಮಟ್ಟು. ಅದೇ ಐರಿಷ್ ಮಟ್ಟನ್ನು ಅಮೆರಿಕದ ಫಿಡಲಿಗರೂ ನುಡಿಸುತ್ತಾರೆ. ಪಿಟೀಲನ್ನು ನಮ್ಮ ಕಛೇರಿಗೆ ತಂದವರು ದೀಕ್ಷಿತರ ತಮ್ಮ ಬಾಲುಸ್ವಾಮಿಗಳು. ನಾನು ಚಿಕ್ಕ ಮಕ್ಕಳಿಗೆ ನೊಟ್ಟುಸ್ವರ ಹೇಳಿಕೊಡುವಾಗ ಈ ಊರುಗಳ ಹೆಸರನ್ನೂ ಹೇಳುತ್ತೇನೆ. ಯಾರೂ ದೀಕ್ಷಿತರನ್ನು ಕಳ್ಳ ಅಂದಿಲ್ಲ. ಕಾಲಿನ್ಸ್ ಅವರನ್ನೂ ಅನ್ನಬೇಕಿಲ್ಲ.

ಸುಮ್ನೆಓದುವವ

ಅಮ್ಮ, ಯಾರೂ ಕಳ್ಳ ಅಂದಿಲ್ಲ ಇನ್ನೂ. 😀

ಶ್ರುತಿಪೆಟ್ಟಿಗೆ

ಅನ್ನುವ ಮೊದಲೇ ಹೇಳಿಟ್ಟೆ.

ಕಾವೇರಿತೀರ

ನನಗೆ ಇದಕ್ಕಿಂತ ‘ಅಶೋಕನ್ ಫೇರ್‌ವೆಲ್’ ಇಷ್ಟ. ಅದೂ ಫಿಡಲ್ ವಾಲ್ಟ್ಸ್. ಅದು ಅಮೆರಿಕದ ಅಂತರ್ಯುದ್ಧದ ಕಾಲದ್ದು. ಸಾಂಪ್ರದಾಯಿಕ ಅಂದರೆ ಅದು! 1860ರ ದಶಕದ ಸೈನಿಕರು ಮನೆಗೆ ಪತ್ರ ಬರೆಯುತ್ತಿದ್ದ ಕಾಲದ ದುಃಖ ಇಡೀ ಮಟ್ಟಿನಲ್ಲಿದೆ.

ತಂತಿಮೀಟು

ಕಾವೇರಿತೀರ ಅವರೇ, ಇದನ್ನು ಕೇಳಿ ಬೇಜಾರು ಮಾಡಿಕೊಳ್ಳಬೇಡಿ. ಅದು 1982ರ ಮಟ್ಟು. ಕಟ್ಟಿದವರು ಜೇ ಉಂಗರ್. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆ ಅಶೋಕನ್ ಅನ್ನೋ ಜಾಗ ಇದೆ. ನಮ್ಮ ಅಶೋಕ ಚಕ್ರವರ್ತಿಗೂ ಅದಕ್ಕೂ ಸಂಬಂಧ ಇಲ್ಲ, ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ! ಅಲ್ಲಿ ಅವರು ಬೇಸಿಗೆಯಲ್ಲಿ ಫಿಡಲ್ ಮತ್ತು ಕುಣಿತದ ಶಿಬಿರ ನಡೆಸುತ್ತಿದ್ದರು. ಶಿಬಿರ ಮುಗಿದು ಎಲ್ಲರೂ ಹೊರಟ ಮೇಲೆ ಆದ ಬೇಸರದಲ್ಲಿ ಕಟ್ಟಿದ ಮಟ್ಟು. ಸ್ಕಾಟ್ಲೆಂಡಿನ ಶೋಕದ ಮಟ್ಟಿನ ಧಾಟಿಯಲ್ಲಿ. ಹೆಸರು ಕೊಟ್ಟವರು ಮಾಲಿ ಮೇಸನ್.

ಕೆನ್ ಬರ್ನ್ಸ್ ಅವರ ‘ದಿ ಸಿವಿಲ್ ವಾರ್’ ಅನ್ನೋ ಟಿವಿ ಸರಣಿ 1990ರಲ್ಲಿ ಬಂತು. ಅದರಲ್ಲಿ ಇದೇ ಮಟ್ಟು ಮತ್ತೆ ಮತ್ತೆ ಬರುತ್ತದೆ. ಸಲಿವನ್ ಬ್ಯಾಲೂ ಅನ್ನುವ ಸೈನ್ಯಾಧಿಕಾರಿ ಹೆಂಡತಿಗೆ ಬರೆದ ಪತ್ರವನ್ನು ಓದುವಾಗ ಹಿಂದೆ ಇದೇ ಇದೆ. ನೀವು ಹೇಳಿದ ಪತ್ರ ಅದೇ ಇರಬೇಕು. ಸರಣಿಯ ಉಳಿದ ಸಂಗೀತ ಆ ಕಾಲದ್ದು. ಹೊಸದು ಇದೊಂದೇ. ಜನರ ಮನಸ್ಸಿನಲ್ಲಿ ಉಳಿದದ್ದೂ ಇದೊಂದೇ.

ಕಾವೇರಿತೀರ

1982! ನಮ್ಮ ತಂಗಿಗಿಂತ ಚಿಕ್ಕದು. ಹೋಗಲಿ, ದುಃಖ ನಿಜವಾದದ್ದೇ ಅಲ್ವಾ, ಅಷ್ಟು ಸಾಕು.

ಹಳೇಪ್ಲೇಟು

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ‘ಸಾಂಪ್ರದಾಯಿಕ’ ಅನ್ನೋ ಚೀಟಿಯ ಬಣ್ಣ ಬಯಲಾಗುತ್ತದೆ. ಒಂದಕ್ಕೆ ಕಟ್ಟಿದವರ ಹೆಸರು, ವರ್ಷ, ಜಾಗ ಎಲ್ಲ ಇದ್ದರೂ ಜನ ಹಳೆಯದು ಅನ್ನುತ್ತಾರೆ. ಇನ್ನೊಂದು ನಿಜಕ್ಕೂ ಹಳೆಯದು, ಅದಕ್ಕೆ ಒಬ್ಬ ಫಿಡಲಿಗನ ಹೆಸರು ಅಂಟಿಸುತ್ತಾರೆ. ಚೀಟಿ ಅಂಟಿಸುವವರು ವಿಚಾರಿಸಿರುವುದಿಲ್ಲ, ಅಷ್ಟೇ.

ಇನ್ನೊಂದು ಹೇಳುತ್ತೇನೆ. ‘ಓವರ್ ದ ವೇವ್ಸ್’ ಗೊತ್ತಲ್ಲ, ಸರ್ಕಸ್‌ನಲ್ಲಿ ಜೋಕಾಲಿಯ ಆಟಕ್ಕೆ ನುಡಿಸುವ ವಾಲ್ಟ್ಸ್. ಫಿಡಲಿಗರಿಗೂ ಬಲು ಪ್ರಿಯ. ಕೇಳಿದವರು ವಿಯೆನ್ನಾದ ಸ್ಟ್ರೌಸ್ ಬರೆದದ್ದು ಅಂದುಕೊಳ್ಳುತ್ತಾರೆ. ಬರೆದದ್ದು ಮೆಕ್ಸಿಕೊದ ಹುವೆಂತಿನೋ ರೋಸಾಸ್. ಒತೋಮಿ ಅನ್ನುವ ಅಲ್ಲಿಯ ಮೂಲನಿವಾಸಿ ಸಮುದಾಯದವರು. 1888ರಲ್ಲಿ ಅಚ್ಚಾಯಿತು. 1894ರಲ್ಲಿ, ಇನ್ನೂ ಮೂವತ್ತೂ ತುಂಬದ ವಯಸ್ಸಿನಲ್ಲಿ, ಕ್ಯೂಬಾದಲ್ಲಿ ತೀರಿಕೊಂಡರು. ಅವರ ಊರಿಗೆ ಈಗ ಅವರದೇ ಹೆಸರು ಸೇರಿದೆ. ಆದರೆ ಮಟ್ಟು ಕೇಳಿದವರ ಬಾಯಲ್ಲಿ ಇನ್ನೂ ಸ್ಟ್ರೌಸ್.

ಚಿಕಾಗೊಚಳಿ

ಪೋಲಿಷ್ ಪಟ್ಟಿಗೆ ನನ್ನದೂ ಒಂದು. ‘ಟೆನೆಸೀ ವಾಲ್ಟ್ಸ್’ಗಿಂತ ಅಮೆರಿಕನ್ ಅನ್ನಿಸುವ ವಾಲ್ಟ್ಸ್ ಇದೆಯಾ? 1965ರಲ್ಲಿ ಆ ರಾಜ್ಯದ ಅಧಿಕೃತ ಗೀತೆಯೂ ಆಯಿತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ಪೀ ವೀ ಕಿಂಗ್. ಅವರ ಮನೆತನದ ಹೆಸರು ಕುಚಿನ್‌ಸ್ಕಿ! ವಿಸ್ಕಾನ್ಸಿನ್‌ನ ಪೋಲಿಷ್ ಕುಟುಂಬ. ಮೊದಲು ಅದು ಅವರ ವಾದ್ಯಗೋಷ್ಠಿಯ ಪದವಿಲ್ಲದ ಮಟ್ಟಾಗಿತ್ತು. ‘ನೋ ನೇಮ್ ವಾಲ್ಟ್ಸ್’ ಅಂತಲೇ ಕರೆಯುತ್ತಿದ್ದರು. 1946ರಲ್ಲಿ ಒಂದು ಪ್ರಯಾಣದಲ್ಲಿ ರೇಡಿಯೊದಲ್ಲಿ ಬಿಲ್ ಮನ್ರೋ ಅವರ ‘ಕೆಂಟಕಿ ವಾಲ್ಟ್ಸ್’ ಬಂತು. ಟೆನೆಸೀಗೆ ಯಾಕೆ ಒಂದಿಲ್ಲ ಅಂತ ಕಿಂಗ್ ಮತ್ತು ರೆಡ್ ಸ್ಟೂವರ್ಟ್ ಮಾತಾಡಿಕೊಂಡರು. ಬೆಂಕಿಪೊಟ್ಟಣದ ಮೇಲೆ ಪದ ಗೀಚಿದರು. 1950ರಲ್ಲಿ ಪ್ಯಾಟಿ ಪೇಜ್ ಹಾಡಿದ ಮೇಲೆ ಅದು ಎಲ್ಲರ ಮನೆಯ ಹಾಡಾಯಿತು.

ನೋಡಿ, ಕಾಲಿನ್ಸ್ ರೆಕಾರ್ಡ್ ಮಾಡಿದ್ದೂ ಅದೇ 1946ರ ಆಸುಪಾಸು.

ಬಿಲ್ಲುಗಾರ

ಆ ಕಾಲದಲ್ಲಿ ಯಾಕೆ ಇಷ್ಟೊಂದು ವಾಲ್ಟ್ಸ್? ಯುದ್ಧ ಮುಗಿದು ಹುಡುಗರು ವಾಪಸ್ ಬಂದಿದ್ದರು, ಜೋಡಿ ಕುಣಿತ ಬೇಕಿತ್ತು ಅಂತ ನನ್ನ ಊಹೆ.

ಹಳೇಪ್ಲೇಟು

ಇರಬಹುದು. ಆದರೆ ವಾಲ್ಟ್ಸ್‌ಗೆ ಗಿರಾಕಿ ಅದಕ್ಕೂ ಮೊದಲೇ ಇತ್ತು. 1927ರಲ್ಲಿ ಮಿಸಿಸಿಪಿಯ ‘ಲೀಕ್ ಕೌಂಟಿ ರೆವೆಲರ್ಸ್’ ಕೊಲಂಬಿಯಾಕ್ಕೆ ನುಡಿಸಿದ ‘ವೆಡ್ನೆಸ್‌ಡೇ ನೈಟ್ ವಾಲ್ಟ್ಸ್’ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಇಂದಿಗೂ ಫಿಡಲಿಗರ ಕೈಯಲ್ಲಿದೆ.

ಮುಂದೆ ಇವನ್ನು ಉಳಿಸಿದ್ದು ಸ್ಪರ್ಧೆಗಳು. ಐಡಾಹೊದ ವೀಜರ್ ಪಟ್ಟಣದಲ್ಲಿ 1953ರಲ್ಲಿ ಫಿಡಲ್ ಸ್ಪರ್ಧೆ ಶುರುವಾಯಿತು, 1963ರಲ್ಲಿ ಅದು ರಾಷ್ಟ್ರಮಟ್ಟದ್ದಾಯಿತು. ಅಲ್ಲಿ ಸ್ಪರ್ಧಿ ಮೂರು ಮಟ್ಟು ನುಡಿಸಬೇಕು. ಒಂದು ವೇಗದ ಕುಣಿತದ್ದು, ಒಂದು ವಾಲ್ಟ್ಸ್, ಮೂರನೆಯದು ಅವರ ಇಷ್ಟ. ಒಟ್ಟು ನಾಲ್ಕು ನಿಮಿಷ. ಹಾಗಾಗಿ ಸ್ಪರ್ಧೆಗೆ ಹೋಗುವ ಪ್ರತಿಯೊಬ್ಬ ಹುಡುಗ ಹುಡುಗಿಗೂ ವಾಲ್ಟ್ಸ್ ಬರಲೇಬೇಕು. ನಿಯಮ ಇಲ್ಲದಿದ್ದರೆ ಎಲ್ಲರೂ ವೇಗದ್ದನ್ನೇ ಉಜ್ಜುತ್ತಿದ್ದರು ಅನ್ನೋದು ನನ್ನ ಅಭಿಪ್ರಾಯ.

ಶ್ರುತಿಪೆಟ್ಟಿಗೆ

ತಂತಿಮೀಟು, ನೀನು ಇದನ್ನು ನುಡಿಸುವಾಗ ಗಮಕ ಹಾಕುತ್ತೀಯೋ? ನಿಜ ಹೇಳು.

ತಂತಿಮೀಟು

ಗುರುಗಳೇ, ಕೈ ತಾನಾಗಿ ಹೋಗುತ್ತದೆ! ನಿಷಾದದ ಮೇಲೆ ಸ್ವಲ್ಪ ಅಲುಗಿಸಿದರೂ ಪಕ್ಕದ ಗಿಟಾರಿನವರು ತಲೆ ಎತ್ತಿ ನೋಡುತ್ತಾರೆ. ನೊಟ್ಟುಸ್ವರದ ಹಾಗೆ ಅಲುಗಿಸದೆ ನೇರ ಸ್ವರವಾಗಿ ಹಿಡಿಯಬೇಕು. ಆದರೆ ಪೂರ್ತಿ ಬೋಳು ಅಲ್ಲ. ಕೆಳಗಿನಿಂದ ಸ್ವರಕ್ಕೆ ಸಣ್ಣಗೆ ಜಾರಿ ಬರುತ್ತಾರೆ. ನಮ್ಮ ಜಾರುವಿಗಿಂತ ಚಿಕ್ಕದು. ಸಾಲಿನ ಕೊನೆಯಲ್ಲಿ ಎರಡು ತಂತಿ ಒಟ್ಟಿಗೆ ಹಿಡಿಯುತ್ತಾರೆ. ಟೆಕ್ಸಸ್‌ನವರಿಗೆ ಅದು ಬಹಳ ಇಷ್ಟ. ಕಮಾನನ್ನು ಉದ್ದಕ್ಕೆ ಎಳೆಯುತ್ತಾರೆ, ಒಂದೇ ಎಳೆತದಲ್ಲಿ ನಾಲ್ಕೈದು ಸ್ವರ. ಮೊದಲ ಎಣಿಕೆಯನ್ನು ಗಿಟಾರು ಹೊಡೆಯುತ್ತದೆ, ಫಿಡಲಿನವರು ಅದರ ಮೇಲೆ ಕುಟ್ಟುವುದಿಲ್ಲ. ನಾನು ರೂಪಕ ಅಂತ ಎಣಿಸಿಕೊಂಡು ಪ್ರತಿ ಆವರ್ತಕ್ಕೂ ಒತ್ತು ಕೊಟ್ಟರೆ ಗಡಿಯಾರದ ಹಾಗೆ ಕೇಳುತ್ತದೆ. ಅದನ್ನು ಬಿಡುವುದೇ ಕಷ್ಟ.

ಇನ್ನೊಂದು ಸಂಗತಿ ನಿಮಗೆ ಇಷ್ಟವಾಗುತ್ತದೆ. ‘ಮಿಡ್‌ನೈಟ್ ಆನ್ ದ ವಾಟರ್’ ಅಂತ ಟೆಕ್ಸಸ್‌ನದೇ ಒಂದು ವಾಲ್ಟ್ಸ್. ಬೆನ್ನಿ ಥಾಮಸನ್ ಅವರ ನುಡಿಸಾಣಿಕೆಯಿಂದ ಹೆಸರಾಯಿತು. ಕಟ್ಟಿದವರು ಅವರ ತಂದೆ ಲೂಕ್ ಥಾಮಸನ್. ಅದಕ್ಕೆ ಫಿಡಲಿನ ತಂತಿಗಳನ್ನೇ ಬೇರೆ ಥರ ಶ್ರುತಿ ಮಾಡುತ್ತಾರೆ. ಕೆಳಗಿನ ಜಿ ತಂತಿಯನ್ನು ಡಿಗೆ, ಮೇಲಿನ ಇ ತಂತಿಯನ್ನೂ ಡಿಗೆ ಇಳಿಸುತ್ತಾರೆ. ಡಿ ಡಿ ಎ ಡಿ. ನಮ್ಮ ಮಾತಿನಲ್ಲಿ ಸ ಸ ಪ ಸ.

ಶ್ರುತಿಪೆಟ್ಟಿಗೆ

ನಮ್ಮದು ಸ ಪ ಸ ಪ. ಹತ್ತಿರದ ಸಂಬಂಧಿಕರೇ ಆದರು ಬಿಡು. ಬಿರಡೆ ತಿರುಗಿಸುವಾಗ ಹುಷಾರು. ತಂತಿ ಹೊತ್ತ ಕುದುರೆ ವಾಲುತ್ತದೆ.

ಬಿಲ್ಲುಗಾರ

ವಿಷಯಕ್ಕೆ ಬನ್ನಿ. ಹಾಳೆಯಲ್ಲಿ ಏನು ಬರೆಯುತ್ತೀರಿ? ‘ಸಾಂಪ್ರದಾಯಿಕ’ ಅಂತ ಬರೆದರೆ ತಪ್ಪಲ್ಲ. ಜಾನಪದ ಮಟ್ಟು ತಾನೇ.

ಹಳೇಪ್ಲೇಟು

ತಪ್ಪಲ್ಲ, ಆದರೆ ಸೋಮಾರಿತನ. ಯಾರ ಸಂಪ್ರದಾಯ ಅಂತ ಗೊತ್ತಿರುವಾಗ ಮುಚ್ಚಿಡುವುದೇಕೆ? ಹಾಗಂತ ಕಾಲಿನ್ಸ್ ಹೆಸರು ಬಿಡಲೂ ಆಗುವುದಿಲ್ಲ. ಮದುವೆ ಮನೆಯಲ್ಲಿ ಬಾಯಿಂದ ಬಾಯಿಗೆ ಹೋಗುತ್ತಿದ್ದ ಹಾಡನ್ನು ಫಿಡಲಿನ ಮಟ್ಟಾಗಿ ಪ್ಲೇಟಿಗೆ ಹಾಕಿದ್ದು ಅವರ ಗುಂಪು. ನಿಮ್ಮ ಗೆಳೆಯರು ನುಡಿಸುತ್ತಿರುವುದು ಆ ರೂಪವನ್ನು, ಪೋಲೆಂಡಿನ ಹಳ್ಳಿಯದ್ದನ್ನಲ್ಲ.

ಮತ್ತೆ, ಅದೇ ಹಾಳೆಯಲ್ಲಿ ‘ಅಶೋಕನ್ ಫೇರ್‌ವೆಲ್’ ಇದ್ದರೆ ಅದಕ್ಕೆ ಉಂಗರ್ ಹೆಸರನ್ನು ಹಾಕಲೇಬೇಕು. ಕಟ್ಟಿದವರ ಹಕ್ಕು ಇರುವ ಮಟ್ಟು ಅದು.

ತಂತಿಮೀಟು

ಹೀಗೆ ಬರೆದಿದ್ದೇನೆ, ನೋಡಿ: ‘ವೆಸ್ಟ್‌ಫೇಲಿಯಾ ವಾಲ್ಟ್ಸ್. ಪೋಲಿಷ್ ಜಾನಪದ ಹಾಡಿನ ಮಟ್ಟು. ವೇಕೋದ ಕಾಟನ್ ಕಾಲಿನ್ಸ್ ನುಡಿಸಿದ ರೂಪದಲ್ಲಿ. ಹೆಸರು ಫಾಲ್ಸ್ ಕೌಂಟಿಯ ಊರಿನದ್ದು.’ ನಮ್ಮ ಹಿರಿಯರಿಗೆ ಓದಿ ಹೇಳಿದೆ. ‘ಇಷ್ಟುದ್ದ ಯಾರು ಓದುತ್ತಾರೆ’ ಅಂದರು. ಜರ್ಮನ್ ಅಂತ ಇಲ್ಲವಲ್ಲ ಅನ್ನೋದು ಅವರ ಒಳಗಿನ ಬೇಸರ. ಅವರ ಮುತ್ತಜ್ಜ ಜರ್ಮನಿಯಿಂದ ಬಂದವರು.

ಬಿಲ್ಲುಗಾರ

‘ಜರ್ಮನರು ಕಟ್ಟಿದ ಊರಿನದ್ದು’ ಅಂತ ಸೇರಿಸಿ. ಅದು ನಿಜವೇ. ಅವರಿಗೂ ಸಮಾಧಾನ.

ತಂತಿಮೀಟು

ಸೇರಿಸಿದೆ. ಶನಿವಾರ ಅಚ್ಚಿಗೆ ಹೋಗುತ್ತದೆ.

ಕಾವೇರಿತೀರ

ಯಾರಾದರೂ ಸ್ವರಲಿಪಿ ಹಾಕುತ್ತೀರಾ? ಕನ್ನಡದಲ್ಲಿ, ಸರಿಗಮದಲ್ಲಿ. ಆ ಐದು ಗೆರೆಯ ಇರುವೆ ಸಾಲು ನನಗೆ ಓದಲು ಬರುವುದಿಲ್ಲ.

ಚಿಕಾಗೊಚಳಿ

ಮೀನಿನ ಪದದ ಸಮೇತ ಹಾಕಿ. ಅಜ್ಜನ ಹತ್ತಿರ ಇನ್ನೂ ಎರಡು ಚರಣ ಇದೆಯಂತೆ, ಭಾನುವಾರ ಕೇಳಿ ಬರೆದುಕೊಂಡು ಬರುತ್ತೇನೆ.